ಗೇ ಪುರುಷರ ಕೋರಸ್ ಸೇರಲೇ? ಕಂಠ, ಫೋಟೊ ಮತ್ತು ಅಪ್ಪ-ಅಮ್ಮನ ಭಯ

ಪ್ರಶ್ನೆ: ನನಗೆ 31 ವರ್ಷ. ಮಲೆನಾಡಿನವನು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಸಾಫ್ಟ್‌ವೇರ್ ಕೆಲಸ. ನಾನು ಗೇ. ಇಬ್ಬರು ಗೆಳೆಯರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಬಾರ್, ಡೇಟಿಂಗ್ ಆ್ಯಪ್ ಎರಡೂ ನನಗೆ ಒಗ್ಗಲಿಲ್ಲ. ಆಫೀಸಿನ ಗೆಳೆಯನೊಬ್ಬ ಗೇ ಪುರುಷರ ಕೋರಸ್ (ಒಟ್ಟಾಗಿ ಹಾಡುವ ತಂಡ) ಸೇರು ಅಂತ ಹಿಂದೆ ಬಿದ್ದಿದ್ದಾನೆ. ಚಿಕ್ಕಂದಿನಲ್ಲಿ ಭಜನೆಯಲ್ಲಿ ಹಾಡುತ್ತಿದ್ದೆ. ಹೈಸ್ಕೂಲಿನಲ್ಲಿ ‘ಹುಡುಗಿ ಕಂಠ’ ಅಂತ ನಕ್ಕ ಮೇಲೆ ಬಿಟ್ಟೆ. ಪಾಶ್ಚಾತ್ಯ ಸಂಗೀತ ಗೊತ್ತಿಲ್ಲ. ಹಾಡುವುದರಿಂದ ನಿಜಕ್ಕೂ ಏನಾದರೂ ಬದಲಾಗುತ್ತದಾ? ಫೋಟೊ ಊರು ತಲುಪಿದರೆ ಏನು ಗತಿ? ಜೂನ್‌ನಲ್ಲಿ ಅಪ್ಪ-ಅಮ್ಮ ಆರು ತಿಂಗಳಿಗೆ ಬರುತ್ತಿದ್ದಾರೆ.

ಉತ್ತರ:

ಮೊದಲು ಕಂಠದ ವಿಷಯ. ಸಮಾಲೋಚನೆಗೆ ಬರುವ ಗೇ ಗಂಡಸರಲ್ಲಿ ನಿಮ್ಮ ಈ ಕಥೆ ಎಷ್ಟು ಸಾಮಾನ್ಯ ಅಂದರೆ, ಈಗೀಗ ನಾನೇ ಕೇಳಿಬಿಡುತ್ತೇನೆ: ‘ಶಾಲೆಯಲ್ಲಿ ನಿಮ್ಮ ದನಿ ಬಗ್ಗೆ ಏನಂತಿದ್ದರು?’ ತಾನು ಗೇ ಅಂತ ಹುಡುಗನಿಗೇ ಗೊತ್ತಾಗುವ ಮೊದಲು ಅವನ ದನಿ, ನಡಿಗೆ, ಕೈ ತಿರುಗಿಸುವ ರೀತಿ ಊರಿನ ಕಣ್ಣಿಗೆ ಬಿದ್ದಿರುತ್ತದೆ. ಆಮೇಲೆ ಅವನು ದನಿಯನ್ನು ಒತ್ತಿ ಕೆಳಗಿಳಿಸುವುದನ್ನು ಕಲಿಯುತ್ತಾನೆ. ಆಫೀಸಿಗೆ ಒಂದು ದನಿ, ಅಮ್ಮನ ಫೋನಿಗೆ ಒಂದು ದನಿ. ಹಾಡುವಾಗ ಮಾತ್ರ ಈ ಒತ್ತುವಿಕೆ ನಡೆಯುವುದಿಲ್ಲ. ಅದಕ್ಕೇ ಎಷ್ಟೋ ಜನ ಹಾಡುವುದನ್ನೇ ಬಿಟ್ಟುಬಿಡುತ್ತಾರೆ.

ಗಂಡಸರ ಕೋರಸ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಗುಂಪು ಇರುತ್ತವೆ. ಎತ್ತರದ ದನಿಯಿಂದ ತಗ್ಗಿನ ದನಿಯವರೆಗೆ ಫಸ್ಟ್ ಟೆನರ್, ಸೆಕೆಂಡ್ ಟೆನರ್, ಬ್ಯಾರಿಟೋನ್, ಬೇಸ್. ಹೆಚ್ಚಿನ ಗಂಡಸರ ದನಿ ನಡುವಿನ ಎರಡು ಗುಂಪುಗಳಲ್ಲಿ ಬಂದು ಕೂರುತ್ತದೆ. ಮೇಲಿನ ಫಸ್ಟ್ ಟೆನರ್‌ಗೆ ಜನ ಸಿಗುವುದು ಕಷ್ಟ. ನಾನು ಬ್ಯಾರಿಟೋನ್. ನಮ್ಮಂಥವರು ಬೇಕಾದಷ್ಟು. ಎತ್ತರದ ಸ್ವರವನ್ನು ಸುಲಭವಾಗಿ ಮುಟ್ಟುವವನು ಬಂದರೆ ನಿರ್ದೇಶಕರ ಮುಖವೇ ಅರಳುತ್ತದೆ. ಯಾವ ಕಂಠಕ್ಕೆ ಹೈಸ್ಕೂಲಿನಲ್ಲಿ ನಕ್ಕರೋ ಅದಕ್ಕೆ ಇಲ್ಲಿ ಕೆಲಸ ಇದೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಕೂಡ ಇದೇ. ಕೋರಸ್‌ನಲ್ಲಿ ಯಾರೂ ನಿಮ್ಮನ್ನು ಕೂರಿಸಿ ‘ನಿನ್ನನ್ನು ಒಪ್ಪಿಕೊಂಡಿದ್ದೇವೆ’ ಅಂತ ಭಾಷಣ ಮಾಡುವುದಿಲ್ಲ. ಪುಟ 14, ಎರಡನೇ ಸಾಲು, ನಿಮ್ಮ ಸ್ವರ ಸ್ವಲ್ಪ ಇಳಿಯುತ್ತಿದೆ, ಸರಿ ಮಾಡಿ ಅನ್ನುತ್ತಾರೆ. ಒಂದು ವಾರ ಹೋಗದಿದ್ದರೆ ಯಾಕೆ ಬರಲಿಲ್ಲ ಅಂತ ಮೆಸೇಜು ಬರುತ್ತದೆ. ಬಾರ್‌ನಲ್ಲಿ ನೀವು ಚೆನ್ನಾಗಿ ಕಾಣಬೇಕು, ಆ್ಯಪ್‌ನಲ್ಲಿ ಬೇಗ ಉತ್ತರ ಕೊಡಬೇಕು. ಇಲ್ಲಿ ಬಂದು ಹಾಡಿದರೆ ಸಾಕು. ನಾಚಿಕೆಯ ಸ್ವಭಾವದವರಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಅಂತ ಹೊರಗಿನವರಿಗೆ ಅರ್ಥವಾಗುವುದಿಲ್ಲ.

ಪಾಶ್ಚಾತ್ಯ ಸಂಗೀತ ಗೊತ್ತಿಲ್ಲ ಎಂಬ ಚಿಂತೆ ಬೇಡ. ಆದರೆ ಭಜನೆಯಿಂದ ಬಂದವರಿಗೆ ಒಂದು ತೊಡಕು ಇದ್ದೇ ಇದೆ. ಭಜನೆಯಲ್ಲಿ ಎಲ್ಲರೂ ಒಂದೇ ಸ್ವರ ಹಾಡುತ್ತಾರೆ. ಪಕ್ಕದವನನ್ನು ಹಿಂಬಾಲಿಸಿದರೆ ಸಾಕು. ಕೋರಸ್‌ನಲ್ಲಿ ನೀವು ‘ಪ’ದಲ್ಲಿ ನಿಂತಿದ್ದಾಗ ಹಿಂದಿನ ಸಾಲು ‘ಗ’ದಲ್ಲಿರುತ್ತದೆ, ಬೇಸ್‌ನವರು ಕೆಳಗಿನ ‘ಸ’ ಹಿಡಿದಿರುತ್ತಾರೆ. ಕಿವಿ ತಾನಾಗಿ ಆ ಕಡೆ ಜಾರುತ್ತದೆ. ಮೊದಲ ಕೆಲವು ವಾರ ಎಲ್ಲರದ್ದೂ ಇದೇ ಪಾಡು. ಈಗ ಬಹಳಷ್ಟು ಕೋರಸ್‌ಗಳು ಪ್ರತಿ ಗುಂಪಿಗೂ ಬೇರೆ ಬೇರೆ ಅಭ್ಯಾಸದ ಆಡಿಯೊ ಕೊಡುತ್ತವೆ. ಅದನ್ನು ಕಾರಿನಲ್ಲಿ ಹಾಕಿಕೊಂಡು ಹಾಡಿ. ಸ್ಟಾಫ್ ನೋಟೇಶನ್, ಅಂದರೆ ಪಾಶ್ಚಾತ್ಯ ಸ್ವರಲಿಪಿ, ಓದಲು ಬಾರದವರು ನೀವೊಬ್ಬರೇ ಆಗಿರುವುದಿಲ್ಲ. ಅಭ್ಯಾಸದಲ್ಲಿ ಗಟ್ಟಿಯಾಗಿ ಹಾಡುವವನ ಪಕ್ಕ ಜಾಗ ಹಿಡಿಯಿರಿ. ಅಂದಹಾಗೆ ನಾಲ್ಕು ದನಿಯ ಹಾಡುಗಾರಿಕೆ ಕನ್ನಡಕ್ಕೆ ತೀರಾ ಹೊರಗಿನದೇನಲ್ಲ. ಬಾಸೆಲ್ ಮಿಶನ್ ಕಾಲದಿಂದ ಮಂಗಳೂರು, ಧಾರವಾಡದ ಕಡೆಯ ಚರ್ಚುಗಳಲ್ಲಿ ಕನ್ನಡ ಕೀರ್ತನೆಗಳನ್ನು ಹಾಗೆ ಹಾಡುತ್ತಾ ಬಂದಿದ್ದಾರೆ.

ಉಸಿರಿನ ಬಗ್ಗೆ ಒಂದು ಮಾತು. ದೊಡ್ಡ ಕೋರಸ್‌ನಲ್ಲಿ ಉದ್ದದ ಸಾಲು ಎಲ್ಲೂ ಕಡಿಯದೆ ಹರಿಯುತ್ತದೆ. ಅಷ್ಟು ಉಸಿರು ಯಾರಿಗೂ ಇರುವುದಿಲ್ಲ. ಪಕ್ಕದವನು ಉಸಿರೆಳೆಯುವಾಗ ನೀವು ಹಾಡುತ್ತೀರಿ, ನೀವು ಎಳೆಯುವಾಗ ಅವನು ಹಾಡುತ್ತಾನೆ. ಇದನ್ನು ಮಾಡಲು ಪಕ್ಕದವನನ್ನು ಗಮನಿಸಲೇಬೇಕು. ಹೆಸರು ಗೊತ್ತಾಗುವ ಮೊದಲೇ ಅವನ ಉಸಿರು ನಿಮಗೆ ಪರಿಚಯ ಆಗಿರುತ್ತದೆ.

ವಿಜ್ಞಾನ ಏನು ಹೇಳುತ್ತದೆ? ಆಕ್ಸ್‌ಫರ್ಡ್‌ನ ಐಲುನೆಡ್ ಪಿಯರ್ಸ್, ರಾಬಿನ್ ಡನ್ಬಾರ್ ಮತ್ತು ಜೊತೆಗಾರರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಯಸ್ಕರ ಹೊಸ ತರಗತಿಗಳನ್ನು ಏಳು ತಿಂಗಳು ಗಮನಿಸಿದರು. ಕೆಲವು ಹಾಡಿನವು, ಕೆಲವು ಕರಕುಶಲದವು, ಕೆಲವು ಬರವಣಿಗೆಯವು. ಹಾಡಿನ ತರಗತಿಯವರು ಒಬ್ಬರಿಗೊಬ್ಬರು ಬೇಗ ಹತ್ತಿರವಾದರು. ಆದರೆ ಏಳನೇ ತಿಂಗಳ ಹೊತ್ತಿಗೆ ಉಳಿದವರೂ ಅಷ್ಟೇ ಹತ್ತಿರವಾಗಿದ್ದರು. ಈ ಎರಡನೇ ಮಾತನ್ನು ಜನ ಹೇಳುವುದೇ ಇಲ್ಲ. ಹಾಡು ಬೇಗ ಬಾಗಿಲು ತೆಗೆಯುತ್ತದೆ, ಅಷ್ಟೇ. ಒಳಗೆ ಉಳಿಯುವುದು ವಾರವಾರ ಹೋಗುವುದರಿಂದ. ಸ್ವೀಡನ್‌ನ ಗೋಟೆನ್‌ಬರ್ಗ್‌ನಲ್ಲಿ 2013ರಲ್ಲಿ ನಡೆದ ಇನ್ನೊಂದು ಸಣ್ಣ ಪ್ರಯೋಗದಲ್ಲಿ, ಒಟ್ಟಿಗೆ ಹಾಡುವವರ ಹೃದಯ ಬಡಿತದ ಏರಿಳಿತ ಹೊಂದಿಕೊಂಡದ್ದು ಕಂಡಿತು. ಕಾರಣ ಸರಳ. ಹಾಡಿನ ಸಾಲು ಎಲ್ಲರ ಉಸಿರಾಟವನ್ನು ಒಂದೇ ಲಯಕ್ಕೆ ತರುತ್ತದೆ, ಹೃದಯ ಉಸಿರನ್ನು ಹಿಂಬಾಲಿಸುತ್ತದೆ. ಇದನ್ನೇ ‘ಹೃದಯಗಳು ಒಂದಾದವು’ ಅಂತ ಉಬ್ಬಿಸಿ ಬರೆಯುವವರನ್ನು ನಂಬಬೇಡಿ.

ನನ್ನನ್ನು ಒಪ್ಪಿಸಿದ್ದು ಈ ಪ್ರಯೋಗಗಳಿಗಿಂತ ಹೆಚ್ಚಾಗಿ ಈ ಕೋರಸ್‌ಗಳ ಚರಿತ್ರೆ. ಅದು ನಡೆದದ್ದು ನಿಮ್ಮ ಮನೆಯಿಂದ ಒಂದು ಗಂಟೆ ದೂರದಲ್ಲಿ.

1978ರ ಅಕ್ಟೋಬರ್ 30, ಸೋಮವಾರ. ಜಾನ್ ಸಿಮ್ಸ್ ಎಂಬ ಸಂಗೀತದ ಮೇಷ್ಟ್ರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗೇ ಪುರುಷರ ಕೋರಸ್‌ನ ಮೊದಲ ಅಭ್ಯಾಸಕ್ಕೆ ಜನರನ್ನು ಕರೆದರು. ನೂರಕ್ಕೂ ಹೆಚ್ಚು ಗಂಡಸರು ಬಂದರು. ಆ ದಿನಗಳ ಗಾಳಿ ಹೇಗಿತ್ತು ನೋಡಿ. ಸರ್ಕಾರಿ ಶಾಲೆಗಳಲ್ಲಿ ಗೇ ಮೇಷ್ಟ್ರುಗಳು ಇರಲೇಬಾರದು ಎಂಬ ಪ್ರಸ್ತಾವ ಕ್ಯಾಲಿಫೋರ್ನಿಯಾದ ಮತದಾರರ ಮುಂದಿತ್ತು. ನವೆಂಬರ್ 7ರಂದು ಜನ ಅದನ್ನು ತಿರಸ್ಕರಿಸಿದರು. ಹೆಸರಿನಲ್ಲಿ ‘ಗೇ’ ಅಂತ ಇಟ್ಟುಕೊಳ್ಳುವುದೇ ಆಗ ದೊಡ್ಡ ಮಾತು. 1975ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದ ಆನಾ ಕ್ರೂಸಿಸ್ ಎಂಬ ಹೆಂಗಸರ ಕೋರಸ್‌ನ ಹೆಸರಿನಲ್ಲಾಗಲಿ, 1977ರ ನ್ಯೂಯಾರ್ಕ್‌ನ ಗೋಥಮ್ ಮೇಲ್ ಕೋರಸ್‌ನ ಹೆಸರಿನಲ್ಲಾಗಲಿ ಅದು ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದವರು ಇಟ್ಟುಕೊಂಡರು.

ನವೆಂಬರ್ 27, ಅದೂ ಸೋಮವಾರವೇ. ಬೆಳಿಗ್ಗೆ ಸಿಟಿ ಹಾಲ್‌ನಲ್ಲಿ ಮೇಯರ್ ಜಾರ್ಜ್ ಮೋಸ್ಕೋನೆ ಮತ್ತು ನಗರದ ಸೂಪರ್‌ವೈಸರ್ (ಚುನಾಯಿತ ನಗರ ಮಂಡಳಿಯ ಸದಸ್ಯ) ಹಾರ್ವಿ ಮಿಲ್ಕ್ ಅವರನ್ನು ಗುಂಡಿಟ್ಟು ಕೊಂದರು. ಗೇ ಎಂದು ಬಹಿರಂಗವಾಗಿ ಹೇಳಿಕೊಂಡೇ ಕ್ಯಾಲಿಫೋರ್ನಿಯಾದಲ್ಲಿ ಚುನಾವಣೆ ಗೆದ್ದ ಮೊದಲಿಗರು ಮಿಲ್ಕ್. ಆ ರಾತ್ರಿ ಸಾವಿರಾರು ಜನ ಮೇಣದಬತ್ತಿ ಹಿಡಿದು ಸಿಟಿ ಹಾಲ್ ಕಡೆ ನಡೆದರು. ಆಗ ತಾನೇ ಹುಟ್ಟಿದ್ದ ಕೋರಸ್ ಆ ಮೆಟ್ಟಿಲುಗಳ ಮೇಲೆ ನಿಂತು ಜರ್ಮನ್ ಸಂಗೀತ ರಚನಕಾರ ಮೆಂಡೆಲ್ಸನ್‌ನ ಒಂದು ಪ್ರಾರ್ಥನೆ ಹಾಡಿತು. ಅದೇ ಅವರ ಮೊದಲ ಸಾರ್ವಜನಿಕ ಹಾಡುಗಾರಿಕೆ. ಒಂದು ತಿಂಗಳ ಹಿಂದೆ ಒಬ್ಬರಿಗೊಬ್ಬರು ಅಪರಿಚಿತರಾಗಿದ್ದವರು.

1981ರಲ್ಲಿ ಅವರು ದೇಶದ ಹಲವು ನಗರಗಳಿಗೆ ಪ್ರವಾಸ ಹೋದರು. ಆ ಪ್ರವಾಸದ ಹಿಂದೆಯೇ ಬೇರೆ ಊರುಗಳಲ್ಲೂ ಹೊಸ ಕೋರಸ್‌ಗಳು ಹುಟ್ಟಿದವು. 1983ರಲ್ಲಿ ನ್ಯೂಯಾರ್ಕ್‌ನ ಲಿಂಕನ್ ಸೆಂಟರ್‌ನಲ್ಲಿ ಇಂಥ ಕೋರಸ್‌ಗಳ ಮೊದಲ ರಾಷ್ಟ್ರೀಯ ಹಬ್ಬ ನಡೆಯಿತು. ಇವನ್ನೆಲ್ಲ ಸೇರಿಸುವ ಗಾಲಾ ಕೋರಸಸ್ ಎಂಬ ಒಕ್ಕೂಟ ಈಗಲೂ ಇದೆ. 2024ರಲ್ಲಿ ಅವರ ಹಬ್ಬ ಮಿನಿಯಾಪೊಲಿಸ್‌ನಲ್ಲಿ ಆಯಿತು. ಲಂಡನ್‌ನದು ಇನ್ನೂ ಸಣ್ಣದಾಗಿ ಶುರುವಾಯಿತು. 1991ರ ಕ್ರಿಸ್‌ಮಸ್ ಸಮಯದಲ್ಲಿ ಒಂಬತ್ತು ಜನ ಏಂಜೆಲ್ ಎಂಬ ಮೆಟ್ರೊ ನಿಲ್ದಾಣದಲ್ಲಿ ನಿಂತು ಹಾಡಿ, ಎಚ್‌ಐವಿ ಪೀಡಿತರಿಗೆ ನೆರವಾಗುವ ಸಂಸ್ಥೆಗೆ ದುಡ್ಡು ಎತ್ತಿದರು. ಇವತ್ತು ಅದು ಯುರೋಪಿನ ದೊಡ್ಡ ಗೇ ಕೋರಸ್‌ಗಳಲ್ಲಿ ಒಂದು.

ಆದರೆ ಬಂಧು-ಬಳಗ ಅಂದರೆ ಏನು ಅಂತ ಇವರು ನಿಜವಾಗಿ ಕಲಿತದ್ದು ಏಡ್ಸ್ ಕಾಲದಲ್ಲಿ. ಜಾನ್ ಸಿಮ್ಸ್ ತೀರಿಕೊಂಡದ್ದೇ 1984ರಲ್ಲಿ, ಅದೇ ಕಾಯಿಲೆಯಿಂದ. ಆಮೇಲೆ ವರ್ಷಗಟ್ಟಲೆ ಸ್ಯಾನ್ ಫ್ರಾನ್ಸಿಸ್ಕೊ ಕೋರಸ್‌ನ ಸಾಲುಗಳಲ್ಲಿ ಕುರ್ಚಿಗಳು ಖಾಲಿಯಾಗುತ್ತಾ ಹೋದವು. ಒಟ್ಟು 300ಕ್ಕೂ ಹೆಚ್ಚು ಸದಸ್ಯರು ಹೋದರು. ಆ ಕಾಲದಲ್ಲಿ ಎಷ್ಟೋ ಹುಡುಗರ ಮನೆಯವರು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಊಟ ತಂದವರು, ಪಕ್ಕದಲ್ಲಿ ಕೂತವರು, ಕೊನೆಗೆ ಸಂಸ್ಕಾರದಲ್ಲಿ ಹಾಡಿದವರು ಜೊತೆಯಲ್ಲಿ ಹಾಡುತ್ತಿದ್ದವರೇ. ಕೋರಸ್‌ನಲ್ಲಿ ನಾಲ್ಕು ಗುಂಪು ಅಂದೆನಲ್ಲ. ತೀರಿಕೊಂಡವರನ್ನು ಅವರು ಐದನೇ ಗುಂಪು ಅಂತ ಕರೆಯುತ್ತಾರೆ. ಸದಸ್ಯರ ಪಟ್ಟಿಯಿಂದ ಅವರನ್ನು ತೆಗೆದಿಲ್ಲ, ಗುಂಪು ಬದಲಾಯಿಸಿದ್ದಾರೆ ಅಷ್ಟೇ. 1993ರಲ್ಲಿ ಎರಿಕ್ ಲೂಸ್ ತೆಗೆದ ಒಂದು ಪತ್ರಿಕಾ ಫೋಟೊ ಇದೆ, ಹುಡುಕಿ ನೋಡಿ. ಮೊದಲ ತಂಡದಲ್ಲಿ ಬದುಕುಳಿದ ಕೆಲವೇ ಜನ ಬಿಳಿ ಬಟ್ಟೆಯಲ್ಲಿ ನಮ್ಮ ಕಡೆ ಮುಖ ಮಾಡಿ ನಿಂತಿದ್ದಾರೆ. ಸುತ್ತ ಕಪ್ಪು ಬಟ್ಟೆಯವರು ಬೆನ್ನು ತಿರುಗಿಸಿದ್ದಾರೆ. ಆ ಬೆನ್ನುಗಳು ಹೋದವರ ಲೆಕ್ಕ.

ಈಗ ಸೇರುವ ಹುಡುಗರಿಗೆ ಆ ಕಾಲ ಗೊತ್ತಿಲ್ಲ. ಆದರೆ ಅಭ್ಯಾಸದಲ್ಲಿ ಅವರ ಪಕ್ಕ ಎಪ್ಪತ್ತು ವರ್ಷದ ಬೇಸ್ ಗಾಯಕನೊಬ್ಬ ಕೂತಿರಬಹುದು, ಅವನಿಗೆ ಎಲ್ಲ ಗೊತ್ತು. ನಮ್ಮ ಹುಡುಗರಿಗೆ ವಯಸ್ಸಾದ, ನೆಮ್ಮದಿಯಾಗಿ ಬದುಕುತ್ತಿರುವ ಗೇ ಮನುಷ್ಯನ ಪರಿಚಯವೇ ಇರುವುದಿಲ್ಲ. ಮುಪ್ಪು ಅಂದರೆ ಒಂಟಿತನ ಅಂತಲೇ ಅಂದುಕೊಂಡಿರುತ್ತಾರೆ. ಬಾರ್, ಆ್ಯಪ್ ಎರಡೂ ನಿಮ್ಮನ್ನು ನಿಮ್ಮ ವಯಸ್ಸಿನವರ ಜೊತೆಗೇ ಕೂಡಿಹಾಕುತ್ತವೆ. ಕೋರಸ್‌ನಲ್ಲಿ ಎಲ್ಲ ವಯಸ್ಸಿನವರೂ ಸಿಗುತ್ತಾರೆ. ನನ್ನ ಪ್ರಕಾರ ಇದರ ದೊಡ್ಡ ಲಾಭ ಇದು.

ಹೊಗಳಿದ್ದು ಸಾಕು. ಕಿರಿಕಿರಿಗಳೂ ಇವೆ. ಸದಸ್ಯರು ಸಾಮಾನ್ಯವಾಗಿ ಶುಲ್ಕ ಕೊಡಬೇಕು, ಕಷ್ಟ ಇರುವವರಿಗೆ ರಿಯಾಯಿತಿ ಇದೆಯೇ ಅಂತ ಕೇಳಬಹುದು. ಸಂಗೀತ ಕಛೇರಿ ಇರುವ ವಾರ ಪ್ರತಿ ಸಂಜೆಯೂ ಅದಕ್ಕೇ ಹೋಗುತ್ತದೆ. ಆಡಿಷನ್‌ನಲ್ಲಿ ಬೇಡ ಅನ್ನಿಸಿಕೊಂಡರೆ ನೋವಾಗುತ್ತದೆ, ಅದರಲ್ಲೂ ಎಲ್ಲ ಕಡೆ ಬೇಡ ಅನ್ನಿಸಿಕೊಂಡು ಬಂದವರಿಗೆ. ಆಡಿಷನ್ ಇಲ್ಲದ ಕೋರಸ್‌ಗಳೂ ಇವೆ. ಒಳಗೆ ಪ್ರೇಮ, ಜಗಳ, ಮಾಜಿ ಪ್ರೇಮಿಗಳು ಒಂದೇ ಸಾಲಿನಲ್ಲಿ ನಿಂತು ಮುಖ ತಿರುಗಿಸಿಕೊಳ್ಳುವುದು, ಎಲ್ಲ ಉಂಟು. ಅಮೆರಿಕದ ಅನೇಕ ಕೋರಸ್‌ಗಳಲ್ಲಿ ಬಿಳಿಯರೇ ಜಾಸ್ತಿ. ದೀಪಾವಳಿಗೆ ಯಾಕೆ ಬೇಜಾರಾಗಿದ್ದೀರಿ ಅಂತ ಅಲ್ಲಿ ಯಾರಿಗೂ ಹೊಳೆಯದೆ ಇರಬಹುದು. ಆ ಕೊರತೆಗೆ ತ್ರಿಕೋನ್ ಇದೆ. 1986ರಲ್ಲಿ ನಿಮ್ಮ ಬೇ ಏರಿಯಾದಲ್ಲೇ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಪ್ರದೇಶ) ಶುರುವಾದ, ದಕ್ಷಿಣ ಏಷ್ಯಾ ಮೂಲದ ನಿಮ್ಮಂಥವರ ಸಂಘಟನೆ. ಎರಡೂ ಕಡೆ ಒಂದೊಂದು ಕಾಲಿಡಿ. ಇನ್ನೊಂದು, ನೀವು ಸ್ಯಾನ್ ಫ್ರಾನ್ಸಿಸ್ಕೊವರೆಗೆ ಓಡಾಡಲೇಬೇಕು ಅಂತಿಲ್ಲ. ನಿಮ್ಮ ಊರಲ್ಲೇ ಸಿಲಿಕಾನ್ ವ್ಯಾಲಿ ಗೇ ಮೆನ್ಸ್ ಕೋರಸ್ ಇದೆ. ಮೊದಲು ಅವರ ಒಂದು ಕಛೇರಿಗೆ ಸುಮ್ನೆ ಟಿಕೆಟ್ ತಗೊಂಡು ಹೋಗಿ ಕೂತು ಬನ್ನಿ.

ಫೋಟೊದ ಭಯ ನಿಜವಾದ ಭಯ. ಅದನ್ನು ನಕ್ಕು ತಳ್ಳಿಹಾಕುವ ಅಮೆರಿಕನ್ ಗೆಳೆಯರ ಮಾತು ಕೇಳಬೇಡಿ. ಅವರ ಚಿಕ್ಕಪ್ಪ ಕನ್ನಡ ಕೂಟದ ವಾಟ್ಸ್ಆ್ಯಪ್ ಗುಂಪಿನಲ್ಲಿಲ್ಲ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೋರಸ್ ಒಂದು ವ್ಯಂಗ್ಯದ ಹಾಡಿನ ವಿಡಿಯೊ ಹಾಕಿತು. ಅದನ್ನು ಅಕ್ಷರಶಃ ಹಿಡಿದುಕೊಂಡವರಿಂದ ಬೆದರಿಕೆಗಳು ಬಂದವು. ಸದಸ್ಯರ ಮೇಲೆ ಆಧಾರವಿಲ್ಲದ ಆರೋಪಗಳು ಹರಿದಾಡಿದವು. ಆ ಊರಲ್ಲೇ ಹೀಗೆ. ಆದ್ದರಿಂದ ಸೇರುವ ಮೊದಲೇ ಕೇಳಿ: ಹೆಸರು ಎಲ್ಲೆಲ್ಲಿ ಹಾಕುತ್ತೀರಿ? ಕಛೇರಿ ಲೈವ್ ಹೋಗುತ್ತದಾ? ಫೋಟೊದಲ್ಲಿ ನಾನು ಬೇಡ ಅಂದರೆ ಏನು ಮಾಡುತ್ತೀರಿ? ಇಂಥ ಪ್ರಶ್ನೆ ಕೇಳುವ ಮೊದಲ ಮನುಷ್ಯ ನೀವಲ್ಲ, ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಟ್ಯಾಗ್ ಮಾಡಿದರೆ ನಿಮ್ಮ ಒಪ್ಪಿಗೆ ಕೇಳುವ ಹಾಗೆ ಸೆಟ್ಟಿಂಗ್ ಬದಲಿಸಿಕೊಳ್ಳಿ. ಇಷ್ಟೆಲ್ಲ ಮಾಡಿದರೂ ನೂರಕ್ಕೆ ನೂರು ಗುಟ್ಟಾಗಿ ಉಳಿಯುತ್ತದೆ ಅಂತ ನಾನು ಮಾತು ಕೊಡಲಾರೆ. ವೇದಿಕೆ ಎಂದರೆ ವೇದಿಕೆಯೇ. ಗೊತ್ತಾಗಿಬಿಟ್ಟರೆ ನಿಭಾಯಿಸಬಲ್ಲೆ ಅನ್ನಿಸುವವರೆಗೆ ಅಭ್ಯಾಸಕ್ಕೆ ಮಾತ್ರ ಬರುತ್ತೇನೆ, ವೇದಿಕೆಗೆ ಬೇಡ ಅನ್ನಬಹುದಾ ಅಂತಲೂ ವಿಚಾರಿಸಿ.

ಅಪ್ಪ-ಅಮ್ಮನ ವಿಷಯಕ್ಕೆ ಬರೋಣ. 31ರ ಮಗನ ಮನೆಗೆ ಆರು ತಿಂಗಳಿಗೆ ಬರುವವರು ಸೂಟ್‌ಕೇಸಿನಲ್ಲಿ ಜಾತಕಗಳನ್ನೂ ತರುತ್ತಾರೆ. ಅದನ್ನು ಕೋರಸ್ ತಡೆಯುವುದಿಲ್ಲ. ಆದರೆ ಆ ಮಾತು ಬರುವ ದಿನ ನೀವು ಒಬ್ಬರೇ ಇರುವುದಿಲ್ಲ, ಅಷ್ಟರ ಮಟ್ಟಿಗೆ ವ್ಯತ್ಯಾಸ ಆಗುತ್ತದೆ. ಮುಚ್ಚಿಟ್ಟು ಬದುಕುವುದೇ ಮನಸ್ಸಿಗೆ ಬೇರೊಂದು ಭಾರ ಅಂತ ಇಲಾನ್ ಮೇಯರ್ ಎಂಬ ಸಂಶೋಧಕರು 2003ರಲ್ಲಿ ವಿವರವಾಗಿ ಬರೆದಿದ್ದಾರೆ. ನಿಮ್ಮಂಥವರ ಬಳಗ ಆ ಭಾರವನ್ನು ಸ್ವಲ್ಪ ಹಗುರ ಮಾಡುತ್ತದೆ ಅನ್ನುವುದೂ ಅಲ್ಲೇ ಇದೆ.

ಕಛೇರಿಗೊಂದು ವಿಶೇಷ ಗುಣ ಇದೆ. ಗೇ ಸಮುದಾಯದ ಪ್ರೈಡ್ ಮೆರವಣಿಗೆಗೆ ಬನ್ನಿ ಅಂದರೆ ನಮ್ಮ ಅಪ್ಪಂದಿರಿಗೆ ಅಲ್ಲಿ ಏನು ಮಾಡಬೇಕು ಅಂತಲೇ ತಿಳಿಯುವುದಿಲ್ಲ. ಕಛೇರಿಯಲ್ಲಿ ಹೇಗಿರಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು. ಕೂರಬೇಕು, ಕೇಳಬೇಕು, ಚೆನ್ನಾಗಿದ್ದರೆ ತಲೆದೂಗಬೇಕು. ಎರಡು ಗಂಟೆ ಯಾರೂ ಅವರನ್ನು ಪ್ರಶ್ನೆ ಕೇಳುವುದಿಲ್ಲ. ಅವರ ಹಾಗೇ ಇರುವ ಬೇರೆ ಅಪ್ಪ-ಅಮ್ಮಂದಿರು ಅಕ್ಕಪಕ್ಕ ಕೂತಿರುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ ಕೋರಸ್ 2017ರ ಅಕ್ಟೋಬರ್‌ನಲ್ಲಿ ದಕ್ಷಿಣದ ಸಂಪ್ರದಾಯಸ್ಥ ರಾಜ್ಯಗಳಾದ ಮಿಸಿಸಿಪ್ಪಿ, ಅಲಬಾಮಾ, ಟೆನೆಸಿ, ಕೆರೊಲಿನಾಗಳಿಗೆ ಹೋದದ್ದು ಈ ಗುಣವನ್ನು ನಂಬಿಕೊಂಡೇ. ಓಕ್‌ಲೆಂಡಿನ ಒಂದು ಗಾಸ್ಪೆಲ್ (ಕ್ರೈಸ್ತ ಭಕ್ತಿಗೀತೆ) ತಂಡವೂ ಜೊತೆಗಿತ್ತು. ಆಗ ನಿರ್ದೇಶಕರಾಗಿದ್ದವರು ಟಿಮ್ ಸೀಲಿಗ್. ಟೆಕ್ಸಾಸ್‌ನ ಬ್ಯಾಪ್ಟಿಸ್ಟ್ ಚರ್ಚೊಂದರಲ್ಲಿ ಸಂಗೀತ ನಡೆಸುತ್ತಿದ್ದವರು, ಗೇ ಅಂತ ಹೇಳಿಕೊಂಡ ಮೇಲೆ ಕೆಲಸ, ಸಂಸಾರ ಎರಡನ್ನೂ ಕಳೆದುಕೊಂಡವರು. ಕೋರಸ್‌ನವರು ಎದುರಾಳಿಗಳ ಊರಿಗೆ ವಾದಕ್ಕೆ ಹೋಗಲಿಲ್ಲ, ಹಾಡಲು ಹೋದರು. ಎಲ್ಲರ ಮನಸ್ಸು ಬದಲಾಯಿತು ಅಂತ ನಾನು ಹೇಳುತ್ತಿಲ್ಲ. ಬಂದು ಕೂತು ಕೇಳಿದರು, ಅದೂ ಸಣ್ಣದಲ್ಲ.

ಹಾಗಂತ ಏನೂ ಹೇಳದೆ ಅಪ್ಪ-ಅಮ್ಮನನ್ನು ಸಭಾಂಗಣದಲ್ಲಿ ಕೂರಿಸಿ, ಬ್ಯಾನರ್ ನೋಡಿ ಅವರೇ ಅರ್ಥ ಮಾಡಿಕೊಳ್ಳಲಿ ಅಂತ ಬಿಡಬೇಡಿ. ಸಾವಿರ ಜನರ ನಡುವೆ ಅಂಥ ಸುದ್ದಿ ತಿಳಿದರೆ ಅವರಿಗೆ ಅಳಲೂ ಜಾಗ ಇರುವುದಿಲ್ಲ. ಹೇಳುವುದಿದ್ದರೆ ಮನೆಯಲ್ಲಿ, ಕನ್ನಡದಲ್ಲಿ, ನೀವೇ ಹೇಳಿ. ಈ ಜೂನ್‌ನಲ್ಲೇ ಹೇಳಬೇಕು ಎಂಬ ಒತ್ತಾಯವೂ ಇಲ್ಲ. ‘ಡಾಕ್ಟರಿಗೆ ತೋರಿಸೋಣ’ ಅನ್ನುವ ಮಾತು ಬಂದರೆ ಉತ್ತರ ಸಿದ್ಧ ಇರಲಿ. ಇದು ಕಾಯಿಲೆ ಅಲ್ಲ ಅಂತ ಭಾರತದ ಮನೋವೈದ್ಯರ ಸಂಘವೇ 2018ರಲ್ಲಿ ಹೇಳಿದೆ. ‘ಸರಿಪಡಿಸುವ’ ಚಿಕಿತ್ಸೆ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ಅಮೆರಿಕದಲ್ಲಿ ದೇಸಿ ರೇನ್‌ಬೋ ಪೇರೆಂಟ್ಸ್ ಎಂಬ ಗುಂಪಿದೆ. ನಿಮ್ಮ ಅಮ್ಮನಿಗೆ ನಿಮ್ಮ ಮಾತಿಗಿಂತ ಇನ್ನೊಬ್ಬ ಅಮ್ಮನ ಮಾತು ಬೇಗ ತಾಗಬಹುದು.

ಬೆಂಗಳೂರಿನಲ್ಲಿ ಕೂತು ಇದನ್ನು ಓದುತ್ತಾ ‘ನಮಗೆಲ್ಲಿ ಇದೆಲ್ಲ’ ಅನ್ನುವವರಿಗೂ ಒಂದೆರಡು ಮಾತು. ಮುಂಬೈಯಲ್ಲಿ ರೇನ್‌ಬೋ ವಾಯ್ಸಸ್ ಎಂಬ ತಂಡ ಇದೆ, ದೇಶದ ಮೊದಲ ಎಲ್‌ಜಿಬಿಟಿ ಕೋರಸ್ ಅಂತ ಅದನ್ನು ಹೇಳುತ್ತಾರೆ. ಬೆಂಗಳೂರಿನಲ್ಲಿ 1994ರಲ್ಲಿ ಶುರುವಾದ ಗುಡ್ ಆ್ಯಸ್ ಯು ಎಂಬ ಬೆಂಬಲ ಗುಂಪಿದೆ. 2008ರಿಂದ ಪ್ರೈಡ್ ಮೆರವಣಿಗೆಯೂ ಕ್ವಿಯರ್ ಹಬ್ಬವೂ ನಡೆಯುತ್ತಿವೆ. ಹಾಡುವ ಗುಂಪು ಬೇಕು ಅನ್ನಿಸಿದರೆ ಅಲ್ಲಿ ಸಿಕ್ಕ ನಾಲ್ಕೈದು ಜನರ ಜೊತೆ ಯಾರದ್ದಾದರೂ ಮನೆಯಲ್ಲಿ ಶುರುಮಾಡಬಹುದು. ಒಂದು ಕೀಬೋರ್ಡು, ವಾರಕ್ಕೆ ಒಂದು ಗೊತ್ತಾದ ಸಂಜೆ, ಇಷ್ಟಿದ್ದರೆ ಆಯಿತು. ಮನಸ್ಸು ತೀರಾ ಕುಸಿದಿದ್ದರೆ ಮಾತ್ರ ಹಾಡಿಗೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.